ಮನೆ ಛಾವಣಿಯ ಸೋಲಾರ್‌ಗೆ ಸರ್ಕಾರದ ದುಡ್ಡು: ಕೊಡಬೇಕಾ, ಕೊಟ್ಟರೆ ಯಾವುದಕ್ಕೆ?

ಕೂಡು_ಕಳೆ:
ಸೋಲಾರ್ ಒಳ್ಳೆಯದಾ ಕೆಟ್ಟದ್ದಾ ಅನ್ನುವ ಜಗಳಕ್ಕೆ ಈ ಎಳೆ ತೆರೆದಿಲ್ಲ. ಮನೆಯವರು ಛಾವಣಿ ಮೇಲೆ ಪ್ಯಾನೆಲ್ ಹಾಕಿಸಿಕೊಳ್ಳಲು ಸರ್ಕಾರ ದುಡ್ಡು ಕೊಡುವುದಕ್ಕೆ ಗಟ್ಟಿ ಕಾರಣ ಇದೆಯಾ? ಇದ್ದರೆ ಕೊಡಬೇಕಾದ್ದು ಪ್ಯಾನೆಲ್‌ಗಾ, ಯೂನಿಟ್‌ಗಾ, ಸಾಲದ ಬಡ್ಡಿಗಾ?

ಎಲ್ಲರೂ ಹೇಳುವ ಮೊದಲ ಕಾರಣ, "ಬೇಡಿಕೆ ಹೆಚ್ಚಿಸಿದರೆ ಬೆಲೆ ಇಳಿಯುತ್ತದೆ." ಒಂದು ಕಾಲಕ್ಕೆ ಇದು ನೂರಕ್ಕೆ ನೂರು ನಿಜ. ಜರ್ಮನಿ 2000ದಲ್ಲಿ ಕಾಯ್ದೆ ತಂದು ಸೋಲಾರ್ ಯೂನಿಟ್‌ಗೆ 50 ಯೂರೋ ಸೆಂಟ್‌ಗಿಂತ ತುಸು ಹೆಚ್ಚಿನ ದರವನ್ನು 20 ವರ್ಷಕ್ಕೆ ಖಾತರಿ ಮಾಡಿತು. ಜಗತ್ತಿನ ಒಟ್ಟು ಉತ್ಪಾದನೆ ದುಪ್ಪಟ್ಟಾದಾಗಲೆಲ್ಲ ಪ್ಯಾನೆಲ್ ಬೆಲೆ ಸುಮಾರು ಶೇ. 20ರಂತೆ ಇಳಿಯುತ್ತಾ ಬಂದಿದೆ. ಮೊದಲ ಕಂತು ಕಟ್ಟಿದವರು ಜರ್ಮನಿಯ ಗ್ರಾಹಕರು, ಫಲ ಉಂಡವರು ಎಲ್ಲರೂ. ಆದರೆ ಈಗ ಇನ್ನೊಂದು ಮನೆ 3 ಕಿಲೋವ್ಯಾಟ್ ಹಾಕಿಸಿದರೆ ಕಾರ್ಖಾನೆಯ ಬೆಲೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಲ್ಲ. ಇನ್ನೂ ಇಳಿಯದೆ ಕೂತಿರುವುದು ಅನುಮತಿ, ತಪಾಸಣೆ, ಮಾರಾಟದ ಕಮಿಷನ್, ಕೂಲಿ. ಅಮೆರಿಕದಲ್ಲಿ ಮನೆ ಸೋಲಾರ್‌ನ ಪ್ರತಿ ವ್ಯಾಟ್ ಖರ್ಚು ಆಸ್ಟ್ರೇಲಿಯಾದ ಎರಡು ಮೂರು ಪಟ್ಟು. ಪ್ಯಾನೆಲ್ ಎರಡೂ ಕಡೆ ಹೆಚ್ಚುಕಡಿಮೆ ಅದೇ. ಅಲ್ಲಿ ಬೇಕಿರುವುದು ಅರ್ಜಿಯ ಕಾಗದ ಕಡಿಮೆ ಮಾಡುವುದು, ಸಬ್ಸಿಡಿ ಅಲ್ಲ.

ಎರಡನೆಯದು ಇಂಗಾಲದ ಲೆಕ್ಕ. ಪ್ಯಾನೆಲ್ ಮೇಲೆ ವರ್ಷಕ್ಕೆ ಚದರ ಮೀಟರಿಗೆ 1,800 ಯೂನಿಟ್ ಬಿಸಿಲು ಬೀಳುವ ಜಾಗದಲ್ಲಿ, ಧೂಳು, ಬಿಸಿ, ತಂತಿಯ ನಷ್ಟ ಎಲ್ಲ ಕಳೆದು ಶೇ. 78 ಕೈಗೆ ಸಿಕ್ಕರೆ, 1 ಕಿಲೋವ್ಯಾಟ್‌ಗೆ ಸುಮಾರು 1,400 ಯೂನಿಟ್. ಕಲ್ಲಿದ್ದಲ ಕರೆಂಟನ್ನು ಅದು ತಪ್ಪಿಸಿದರೆ ವರ್ಷಕ್ಕೆ ಒಂದು ಟನ್‌ಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಉಳಿತಾಯ. ಲಾಭವೇ. ಆದರೆ ಅದೇ ಪ್ಯಾನೆಲನ್ನು ಬಯಲಲ್ಲಿ ಸಾವಿರಗಟ್ಟಲೆ ಹಾಕಿದರೆ ಪ್ರತಿ ವ್ಯಾಟಿಗೆ ಅರ್ಧ ಖರ್ಚಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಇಂಗಾಲ ಒಂದೇ ಗುರಿಯಾದರೆ ಛಾವಣಿ ಗೆಲ್ಲಲ್ಲ.

ಛಾವಣಿಯ ಪರವಾಗಿ ನನಗೆ ನಿಜಕ್ಕೂ ಗಟ್ಟಿ ಅನ್ನಿಸುವ ವಾದ ಬೇರೆ. ಸರ್ಕಾರ 30 ಹಾಕಿದರೆ ಮನೆಯವರು 70 ಹಾಕುತ್ತಾರೆ. ಜಮೀನು ಬೇಡ, ದೊಡ್ಡ ಲೈನ್ ಎಳೆಯುವ ಕಾಯುವಿಕೆ ಇಲ್ಲ. ಆ 70 ಬೇರೆ ಯಾವ ವಿದ್ಯುತ್ ಯೋಜನೆಗೂ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ನೀತಿಗೂ ನಾನು ಕೇಳುವ ಪ್ರಶ್ನೆ ಒಂದೇ: ಈ 30 ಕೊಡದಿದ್ದರೂ ಅವರು ಹಾಕಿಸುತ್ತಿದ್ದರಾ?

ಮೂರು_ಫೇಸ್:
"ತಂತಿಯ ನಷ್ಟ ತಪ್ಪುತ್ತದೆ" ಅನ್ನುವ ಕಾರಣವನ್ನೂ ಸೇರಿಸಿ, ಅದು ಅರ್ಧ ಸತ್ಯ. ಬೀದಿಯಲ್ಲಿ ನಾಲ್ಕು ಮನೆಗೆ ಸೋಲಾರ್ ಇದ್ದಾಗ ಅವರ ಕರೆಂಟನ್ನು ಪಕ್ಕದ ಮನೆಯ ಫ್ರಿಜ್ಜೇ ಬಳಸಿಕೊಳ್ಳುತ್ತದೆ, ನಷ್ಟ ಇಳಿಯುತ್ತದೆ. ನಲವತ್ತು ಮನೆಗೆ ಬಂದಾಗ ಮಧ್ಯಾಹ್ನ ಕರೆಂಟು ಟ್ರಾನ್ಸ್‌ಫಾರ್ಮರ್ ಹತ್ತಿ ಹಿಂದಕ್ಕೆ ಹೋಗುತ್ತದೆ, ನಷ್ಟ ಮತ್ತೆ ಏರುತ್ತದೆ.

ಅದಕ್ಕೂ ಮೊದಲು ತಡೆಯುವುದು ವೋಲ್ಟೇಜ್. ಲೆಕ್ಕ ಹಾಕಿ: ಸಿಂಗಲ್ ಫೇಸ್, 5 ಕಿಲೋವ್ಯಾಟ್, 230 ವೋಲ್ಟ್, ಅಂದರೆ ಹತ್ತಿರ ಹತ್ತಿರ 22 ಆಂಪಿಯರ್. ಕಂಬದಿಂದ ಮನೆಗೆ 50 ಮೀಟರ್, 10 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿ. ಹೋಗಿಬರುವ 100 ಮೀಟರಿನ ರೋಧ ಸುಮಾರು 0.28 ಓಮ್. ಹಾಗಾದರೆ ಆ ತುಂಡಿನಲ್ಲೇ 6 ವೋಲ್ಟ್ ಏರಿಕೆ. ಲೈನ್ ಆಗಲೇ 248ರಲ್ಲಿ ನಿಂತಿದ್ದರೆ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಲೈನಿನ ಎಸಿ ಮಾಡುವ ಪೆಟ್ಟಿಗೆ) ಕಣ್ಣಿಗೆ 254. ಬಹಳಷ್ಟು ದೇಶಗಳಲ್ಲಿ ಮಿತಿ 230ರ ಮೇಲೆ ಶೇ. 10, ಅಂದರೆ 253. ಇನ್ವರ್ಟರ್ ಕೈಬಿಡುತ್ತದೆ, ಕಾಯುತ್ತದೆ, ಮತ್ತೆ ಸೇರುತ್ತದೆ, ಮತ್ತೆ ಬೀಳುತ್ತದೆ. ಆ ದಿನದ ಉತ್ಪಾದನೆಯ ಗ್ರಾಫ್ ನೋಡಿದರೆ ಮಧ್ಯಾಹ್ನದ ಗುಡ್ಡದ ಬದಲು ಗರಗಸದ ಹಲ್ಲು. ಲೈನಿನ ತುದಿಯ ಮನೆಗೆ ಈ ಪೆಟ್ಟು ಜಾಸ್ತಿ, ಟ್ರಾನ್ಸ್‌ಫಾರ್ಮರ್ ಪಕ್ಕದವರಿಗೆ ಏನೂ ಗೊತ್ತಾಗಲ್ಲ. ಇಬ್ಬರಿಗೂ ಸಿಕ್ಕ ಸಬ್ಸಿಡಿ ಒಂದೇ!

ಪರಿಹಾರ ದುಬಾರಿಯೇನಲ್ಲ. ಯಾವ ಮನೆ ಯಾವ ಫೇಸಿನಲ್ಲಿದೆ ನೋಡಿ ಹಂಚುವುದು. ಇನ್ವರ್ಟರ್‌ನಲ್ಲಿ ವೋಲ್ಟೇಜ್ ಏರಿದಂತೆ ರಿಯಾಕ್ಟಿವ್ ಪವರ್ (ಕೆಲಸ ಮಾಡದ, ಆದರೆ ಲೈನಿನ ವೋಲ್ಟೇಜನ್ನು ಏರಿಳಿಸುವ ಪವರ್) ಎಳೆಯುವ, ಇನ್ನೂ ಏರಿದರೆ ಉತ್ಪಾದನೆಯನ್ನು ನಿಧಾನಕ್ಕೆ ತಗ್ಗಿಸುವ ಸೆಟ್ಟಿಂಗ್ ಆನ್ ಮಾಡುವುದು. ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ ಹೊಂದಿಸುವ ಟ್ಯಾಪ್ ಒಂದು ಮೆಟ್ಟಿಲು, ಅಂದರೆ ಶೇ. 2.5, ಇಳಿಸುವುದು. ಟ್ಯಾಪ್ ಇಳಿಸಿದರೆ ಸಂಜೆ ತುದಿಮನೆಗೆ ವೋಲ್ಟೇಜ್ ಬೀಳಬಹುದು, ಆದ್ದರಿಂದ ಸಂಜೆಯ ರೀಡಿಂಗ್ ನೋಡದೆ ಮುಟ್ಟಬಾರದು. ಇದಕ್ಕೆಲ್ಲ ಯಾವ ಪ್ರೋತ್ಸಾಹ ಯೋಜನೆಯಲ್ಲೂ ಸಾಕಷ್ಟು ದುಡ್ಡು ಇಡುವುದಿಲ್ಲ, ಅದೇ ನನ್ನ ತಕರಾರು.

ಸೆಟ್ಟಿಂಗ್ ನಿರ್ಲಕ್ಷ್ಯ ಎಷ್ಟು ದುಬಾರಿ ಅನ್ನುವುದಕ್ಕೆ ಮತ್ತೆ ಜರ್ಮನಿಯೇ ಉದಾಹರಣೆ. ಅಲ್ಲಿನ ಹಳೆಯ ಇನ್ವರ್ಟರ್‌ಗಳು ಗ್ರಿಡ್‌ನ ಫ್ರೀಕ್ವೆನ್ಸಿ (ಸಾಮಾನ್ಯವಾಗಿ 50) 50.2 ಹರ್ಟ್ಸ್ ಮುಟ್ಟಿದ ಕೂಡಲೇ ಎಲ್ಲವೂ ಒಟ್ಟಿಗೆ ಆಫ್ ಆಗಬೇಕು ಅಂತ ನಿಯಮ ಇತ್ತು. ಸೋಲಾರ್ ಕಡಿಮೆ ಇದ್ದಾಗ ಅದು ಸುರಕ್ಷತೆ. ಗಿಗಾವ್ಯಾಟ್‌ಗಟ್ಟಲೆ ಆದಮೇಲೆ ಅದೇ ಗಂಡಾಂತರ. 2012ರಿಂದ ಸುಮಾರು 3 ಲಕ್ಷ ಘಟಕಗಳನ್ನು ಹುಡುಕಿಕೊಂಡು ಹೋಗಿ ಸರಿಪಡಿಸಬೇಕಾಯಿತು.

ಬಾಡಿಗೆದಾರ:
ಛಾವಣಿಯೇ ಇಲ್ಲದವರ ಕಡೆಯಿಂದ ಒಂದು ಮಾತು. ಜರ್ಮನಿಯ ಆ 20 ವರ್ಷದ ಖಾತರಿಯ ದುಡ್ಡು ಎಲ್ಲಿಂದ ಬಂತು? ಪ್ರತಿ ಮನೆಯ ಬಿಲ್ಲಿನ ಮೇಲಿನ ಸರ್ಚಾರ್ಜ್‌ನಿಂದ. 2020ರಲ್ಲಿ ಅದು ಯೂನಿಟ್‌ಗೆ 6.76 ಸೆಂಟ್ ಇತ್ತು. ಅತಿಹೆಚ್ಚು ಕರೆಂಟು ಬಳಸುವ ಕೈಗಾರಿಕೆಗಳಿಗೆ ದೊಡ್ಡ ರಿಯಾಯಿತಿ, ಬಾಡಿಗೆ ಮನೆಯವರಿಗೆ ಪೂರ್ತಿ ಹೊರೆ. ಕೊನೆಗೆ 2022ರ ಜುಲೈಯಲ್ಲಿ ಅದನ್ನು ಸೊನ್ನೆ ಮಾಡಿ ಹೊರೆಯನ್ನು ಸರ್ಕಾರದ ಬಜೆಟ್‌ಗೆ ಹಾಕಿದರು. ಬಜೆಟ್ ಅಂದರೆ ತೆರಿಗೆ, ಅದರಲ್ಲಿ ಕನಿಷ್ಠ ಹೆಚ್ಚು ಗಳಿಸುವವನು ಹೆಚ್ಚು ಕೊಡುತ್ತಾನೆ.

ನೆಟ್ ಮೀಟರಿಂಗ್‌ನಲ್ಲಿ (ಹೊರಗೆ ಕಳಿಸಿದ ಯೂನಿಟನ್ನು ಬಳಸಿದ ಯೂನಿಟ್‌ನಿಂದ ಕಳೆದು ಬಿಲ್ಲು ಹಾಕುವ ಪದ್ಧತಿ) ಇದೇ ಹೊರೆ ಕಣ್ಣಿಗೆ ಕಾಣದ ಹಾಗೆ ಇರುತ್ತದೆ. ಗ್ರಾಹಕ ಯೂನಿಟ್‌ಗೆ 10 ಅಂಕ ಕೊಡುತ್ತಾನೆ ಅಂದುಕೊಳ್ಳಿ: 4 ವಿದ್ಯುತ್ತಿಗೆ, 4 ತಂತಿ, ಕಂಬ, ಟ್ರಾನ್ಸ್‌ಫಾರ್ಮರ್‌ಗೆ, 2 ತೆರಿಗೆ ಇತ್ಯಾದಿಗೆ. ಸೋಲಾರ್ ಮನೆ ಒಂದು ಯೂನಿಟ್ ಹೊರಗೆ ಕಳಿಸಿ ರಾತ್ರಿ ಒಂದು ಯೂನಿಟ್ ವಾಪಸ್ ಪಡೆದರೆ ಬಿಲ್ಲು ಸೊನ್ನೆ. ಕಂಪನಿಗೆ ಉಳಿದದ್ದು ಆ 4 ಅಂಕದ ವಿದ್ಯುತ್ತು ಮಾತ್ರ. ತಂತಿಯನ್ನು ಹಗಲೂ ಬಳಸಿದ, ರಾತ್ರಿಯೂ ಬಳಸಿದ, ಅದರ 4 ಅಂಕ ಕಟ್ಟಿದವರು ಪಕ್ಕದವರು.

ಕೂಡು_ಕಳೆ:
@ಬಾಡಿಗೆದಾರ ಒಪ್ಪಿದೆ, ನಿಮ್ಮ ಅಂಕಗಳಲ್ಲೇ ಮುಂದುವರಿಸುತ್ತೇನೆ. 3 ಕಿಲೋವ್ಯಾಟ್, ವರ್ಷಕ್ಕೆ 4,200 ಯೂನಿಟ್. ನೆಟ್ ಮೀಟರಿಂಗ್ ಇದ್ದರೆ ಉಳಿತಾಯ 42,000 ಅಂಕ. ಬಳಸಿದ್ದಕ್ಕೆ 10, ಹೊರಗೆ ಕಳಿಸಿದ್ದಕ್ಕೆ 4 ಅಂತ ನೆಟ್ ಬಿಲ್ಲಿಂಗ್ ಮಾಡಿದರೆ? ಶೇ. 40 ಮನೆಯಲ್ಲೇ ಬಳಸುವವರಿಗೆ 16,800 ಮತ್ತು 10,080 ಸೇರಿ 26,880. ಈಗ ನೀರಿನ ಪಂಪು, ಗೀಸರ್, ವಾಷಿಂಗ್ ಮೆಷಿನ್ ಇವನ್ನು ಹಗಲಿಗೆ ಸರಿಸಿ ಶೇ. 60 ಮಾಡಿಕೊಂಡರೆ 31,920. ಬರೀ ಟೈಮರ್ ತಿರುಗಿಸಿದ್ದಕ್ಕೆ 5,000 ಅಂಕ! ನೆಟ್ ಮೀಟರಿಂಗ್‌ನಲ್ಲಿ ಗೀಸರನ್ನು ರಾತ್ರಿ ಹಚ್ಚಿದರೂ ಹಗಲು ಹಚ್ಚಿದರೂ ಒಂದೇ. ಬೇಕಾದ ಅಭ್ಯಾಸವನ್ನೇ ಅದು ಕೊಲ್ಲುತ್ತದೆ.

ಆದರೆ ನೆಟ್ ಮೀಟರಿಂಗ್‌ಗೆ ಒಂದು ಗುಣ ಇದೆ, ಎಲ್ಲರಿಗೂ ಒಂದೇ ಸಾಲಲ್ಲಿ ಅರ್ಥವಾಗುತ್ತದೆ. ಮೊದಲ ಶೇ. 3-5 ಮನೆಗಳವರೆಗೆ ಅದನ್ನು ಇಟ್ಟರೆ ಪಕ್ಕದವರ ಮೇಲಿನ ಹೊರೆ ತೀರಾ ಸಣ್ಣದು. ತಪ್ಪು ಆಗುವುದು ಯಾವಾಗ ನಿಲ್ಲಿಸುತ್ತೇವೆ ಅಂತ ಮೊದಲೇ ಬರೆಯದೆ ಇರುವುದರಲ್ಲಿ. ಕ್ಯಾಲಿಫೋರ್ನಿಯಾ ಬಹಳ ವರ್ಷ ಎಳೆದು, 2023ರ ಏಪ್ರಿಲ್ 15ರಿಂದ ಬಂದ ಅರ್ಜಿಗಳಿಗೆ ಹೊರಗೆ ಕಳಿಸಿದ ಯೂನಿಟ್‌ನ ಬೆಲೆಯನ್ನು ಸರಾಸರಿ ಶೇ. 75ರಷ್ಟು ಇಳಿಸಿತು. ಗಡುವಿಗೆ ಮುಂಚೆ ನೂಕುನುಗ್ಗಲು, ಆಮೇಲೆ ಬರಗಾಲ. ನೆದರ್ಲೆಂಡ್ಸ್ 2027ರ ಜನವರಿ 1ಕ್ಕೆ ನಿಲ್ಲಿಸುವುದಾಗಿ 2024ರಲ್ಲೇ ಕಾನೂನು ಮಾಡಿದೆ.

ಸ್ಪ್ಯಾನರ್_13:
ಛಾವಣಿ ಮೇಲೆ ನಿಂತು ಈ ನೀತಿಗಳನ್ನು ನೋಡಿದರೆ ಬೇರೆಯೇ ಕಾಣುತ್ತದೆ. ಕಿಲೋವ್ಯಾಟ್‌ಗೆ ಇಷ್ಟು ಅಂತ ಸಬ್ಸಿಡಿ ಕೊಟ್ಟರೆ ಮಾರುವವನು ಕಿಲೋವ್ಯಾಟ್ ಮಾರುತ್ತಾನೆ, ಯೂನಿಟ್ ಅಲ್ಲ. ಟ್ಯಾಂಕಿನ ನೆರಳು ಬೀಳುವ ಜಾಗದಲ್ಲೂ ಎರಡು ಪ್ಯಾನೆಲ್ ತುರುಕಿ ಸಂಖ್ಯೆ ತುಂಬಿಸುತ್ತಾನೆ. ಸಾಮಾನ್ಯ ಪ್ಯಾನೆಲ್‌ನಲ್ಲಿ ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಪಕ್ಕದಿಂದ ದಾಟಿಸುವ ಬಿಡಿಭಾಗ) ಇರುತ್ತವೆ. ಒಂದು ಪೈಪಿನ ನೆರಳು ಕೆಲವೇ ಸೆಲ್‌ಗಳ ಮೇಲೆ ಬಿದ್ದರೂ ಆ ಡಯೋಡ್ ಕಾಯುವ ಮೂರನೇ ಒಂದು ಭಾಗ ಲೆಕ್ಕದಿಂದ ಹೊರಗೆ. ಕಾಗದದ ಮೇಲೆ ಮಾತ್ರ ಪೂರ್ತಿ ವ್ಯಾಟ್.

ಗಡುವು ಹತ್ತಿರ ಬಂದಾಗ ಇನ್ನೂ ಕೆಡುತ್ತದೆ. ಹೆಚ್ಚು ಹಾಳಾಗುವುದು ಕನೆಕ್ಟರ್. ಒಂದು ಕಂಪನಿಯ ಗಂಡು, ಇನ್ನೊಂದರ ಹೆಣ್ಣು, ಕ್ಲಿಕ್ ಅಂತ ಕೂರುತ್ತವೆ, ಎಳೆದರೂ ಬಿಡಲ್ಲ, ಎಲ್ಲ ಸರಿ ಅನ್ನಿಸುತ್ತದೆ. ಒಳಗಿನ ಲೋಹ, ಅಳತೆ ಬೇರೆ ಬೇರೆ, ಸಂಪರ್ಕದ ರೋಧ ವರ್ಷ ಕಳೆದಂತೆ ಏರುತ್ತದೆ. ಬಿಸಿಯಾಗಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಿಡಿ. ಡಿಸಿ ಕರೆಂಟು ಎಸಿಯಂತೆ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದಿಲ್ಲ, ಹತ್ತಿದ ಕಿಡಿ ತಾನಾಗಿ ಆರಲ್ಲ. ಕ್ರಿಂಪಿಂಗ್ ಟೂಲ್ ಬದಲು ಇಕ್ಕಳದಲ್ಲಿ ಒತ್ತಿದ್ದಕ್ಕೂ ಇದೇ ಗತಿ.

ನಿಯಮ ಜಾಸ್ತಿಯಾದರೂ ಕಷ್ಟ. ಆಸ್ಟ್ರೇಲಿಯಾದಲ್ಲಿ ಸುರಕ್ಷತೆಗೆಂದು ಛಾವಣಿ ಮೇಲೆಯೇ ಪ್ಯಾನೆಲ್‌ನ ಕರೆಂಟು ಕಡಿಯುವ ಡಿಸಿ ಐಸೊಲೇಟರ್ ಸ್ವಿಚ್ ಕಡ್ಡಾಯ ಮಾಡಿದ್ದರು. ಬಿಸಿಲು ಮಳೆಗೆ ಅದರ ಡಬ್ಬಿಯೊಳಗೆ ನೀರು ಸೇರಿ ಬೆಂಕಿಗೆ ಅದೇ ದೊಡ್ಡ ಕಾರಣ ಆಯಿತು. 2021ರ ಮಾನದಂಡದಲ್ಲಿ ಆ ಕಡ್ಡಾಯ ತೆಗೆದರು.

ಸಬ್ಸಿಡಿ ಬಿಡುಗಡೆಗೆ ನಾನು ಕೇಳುವುದು ಫೋಟೋ ಅಲ್ಲ, ರೀಡಿಂಗ್. ಪ್ರತಿ ಸ್ಟ್ರಿಂಗ್‌ನ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ) ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಕರೆಂಟು ಹರಿಯದಾಗಿನ ವೋಲ್ಟೇಜ್: ಒಂದೇ ಉದ್ದದ ಸ್ಟ್ರಿಂಗ್‌ಗಳ ನಡುವೆ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಲ್ಲೋ ತಪ್ಪಿದೆ. ಇನ್ಸುಲೇಷನ್ ಪರೀಕ್ಷೆ: ಸ್ಟ್ರಿಂಗ್ 500 ವೋಲ್ಟ್‌ವರೆಗೆ ಇದ್ದರೆ 500ರಲ್ಲಿ, ಅದಕ್ಕೂ ಮೇಲಿದ್ದರೆ 1,000ದಲ್ಲಿ, ಎರಡರಲ್ಲೂ ಕನಿಷ್ಠ 1 ಮೆಗಾಓಮ್. ಅರ್ಥಿಂಗ್ ನಿರಂತರತೆ. ಇನ್ವರ್ಟರ್‌ನ ಗ್ರಿಡ್ ಸೆಟ್ಟಿಂಗ್‌ನ ಪ್ರಿಂಟ್, ಮೂರು_ಫೇಸ್ ಸಾರ್ ಹೇಳಿದ್ದು ಅಲ್ಲೇ ಗೊತ್ತಾಗುತ್ತದೆ. ಇಷ್ಟಕ್ಕೆ ಇಬ್ಬರಿಗೆ ಅರ್ಧ ದಿನ ಸಾಕು. ಸಬ್ಸಿಡಿಯ ಕಾಲು ಭಾಗವನ್ನು ಹಿಡಿದಿಟ್ಟು, ಹನ್ನೆರಡು ತಿಂಗಳ ಮೀಟರ್ ರೀಡಿಂಗ್ ಅಂದಾಜಿನ ಶೇ. 85 ಮುಟ್ಟಿದ ಮೇಲೆ ಬಿಟ್ಟರೆ, ನೆರಳಿನಲ್ಲಿ ಪ್ಯಾನೆಲ್ ತುರುಕುವ ಆಟ ತಂತಾನೇ ನಿಲ್ಲುತ್ತದೆ.

ಚಕ್ರಬಡ್ಡಿ:
ಸಬ್ಸಿಡಿಗಿಂತ ಬಡ್ಡಿ ದೊಡ್ಡ ಆಯುಧ ಅನ್ನುವುದನ್ನು ಯಾರೂ ಎತ್ತಿಲ್ಲ. ಸೋಲಾರ್‌ನ ಖರ್ಚೆಲ್ಲ ಮೊದಲ ದಿನವೇ. ಇಂಧನ ಪುಕ್ಕಟೆ. ಹಾಗಾಗಿ ಯೂನಿಟ್‌ನ ಅಸಲು ಬೆಲೆ ತೀರ್ಮಾನ ಮಾಡುವುದು ಬಡ್ಡಿ. 100 ಅಂಕದ ಘಟಕಕ್ಕೆ 20 ವರ್ಷದ ಸಾಲ, ಶೇ. 12ರ ಬಡ್ಡಿ: ವರ್ಷದ ಕಂತು 13.4. ಅದಕ್ಕೆ ಶೇ. 30 ಸಬ್ಸಿಡಿ ಕೊಟ್ಟರೆ 9.4. ಸಬ್ಸಿಡಿಯೇ ಇಲ್ಲದೆ ಶೇ. 7ಕ್ಕೆ ಸಾಲ ಕೊಟ್ಟರೂ ಕಂತು 9.4! ಶೇ. 4ಕ್ಕೆ ಕೊಟ್ಟರೆ 7.4. ಸಾಲಕ್ಕೆ ಸರ್ಕಾರ ಜಾಮೀನು ನಿಂತು ಬಡ್ಡಿ ಇಳಿಸಿದರೆ ಬೊಕ್ಕಸದಿಂದ ಹೋಗುವುದು ಮುಳುಗಿದ ಸಾಲದಷ್ಟು ಮಾತ್ರ.

ಇನ್ನೊಂದು, ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುವ ಪದ್ಧತಿ ತೆರಿಗೆ ಕಟ್ಟುವಷ್ಟು ಆದಾಯ ಇರುವವರಿಗೆ ಮಾತ್ರ ಮುಟ್ಟುತ್ತದೆ. ಅಮೆರಿಕದ ಶೇ. 30ರ ಮನೆ ಸೋಲಾರ್ ತೆರಿಗೆ ವಿನಾಯಿತಿ ಹಾಗೇ ಇತ್ತು: ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಿದ್ದರೆ ಆ ವರ್ಷ ನಗದು ವಾಪಸ್ ಇಲ್ಲ.

ಸ್ಪ್ಯಾನರ್_13:
ಲೆಕ್ಕ ಸರಿ, ಆದರೆ ಛಾವಣಿ ಮೇಲಿನ ಪ್ಯಾನೆಲ್‌ಗೆ 20 ವರ್ಷದ ಸಾಲ ಕೊಡುವ ಬ್ಯಾಂಕು ಅಪರೂಪ. ಇನ್ವರ್ಟರ್ ಹತ್ತು ಹನ್ನೆರಡು ವರ್ಷಕ್ಕೆ ಒಮ್ಮೆ ಬದಲಾಗುವ ಸಾಮಾನು, ಅದನ್ನೂ ನೀವು ಸೇರಿಸಿಲ್ಲ.

ಚಕ್ರಬಡ್ಡಿ:
ಹೌದು, ತಿದ್ದುತ್ತೇನೆ. 10 ವರ್ಷದ ಸಾಲವಾದರೆ ಶೇ. 12ಕ್ಕೆ ಕಂತು 17.7, ಸಬ್ಸಿಡಿ ಕಳೆದರೆ 12.4. ಸಬ್ಸಿಡಿ ಇಲ್ಲದೆ ಅಷ್ಟಕ್ಕೆ ಬರಬೇಕಾದರೆ ಬಡ್ಡಿ ಶೇ. 4ರ ಆಸುಪಾಸಿಗೆ ಇಳಿಯಬೇಕು, ಅಷ್ಟು ಇಳಿಸಲು ಜಾಮೀನು ಸಾಲದು, ಬಡ್ಡಿಗೇ ದುಡ್ಡು ಹಾಕಬೇಕು. ಅಂದರೆ ಸಾಲದ ಅವಧಿ ಚಿಕ್ಕದಾದಷ್ಟೂ ಸಬ್ಸಿಡಿಯ ಬಲ ಹೆಚ್ಚು, ದೊಡ್ಡದಾದಷ್ಟೂ ಬಡ್ಡಿಯ ಬಲ ಹೆಚ್ಚು. ಹಾಗಾದರೆ ಸರ್ಕಾರ ಮಾಡಬೇಕಾದ ಮೊದಲ ಕೆಲಸ ಅವಧಿ ಎಳೆಯುವುದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಸಾಲವನ್ನು ಮನೆಯ ಆಸ್ತಿ ತೆರಿಗೆಯ ಜತೆ ವಸೂಲಿ ಮಾಡುವ ಪದ್ಧತಿ ತಂದರು, ಅವಧಿ ಉದ್ದವಾಯಿತು. ಆದರೆ ಸಾಲ ಮಾರುವ ಕೆಲಸವನ್ನು ಗುತ್ತಿಗೆದಾರರ ಕೈಗೇ ಕೊಟ್ಟರು, ವಯಸ್ಸಾದವರಿಗೆ ತೀರಿಸಲಾಗದ ಸಾಲ ಹೊರಿಸಿದ ದೂರುಗಳು ಬಂದವು. ಪ್ಯಾನೆಲ್ ಹಾಕುವವನೂ ಸಾಲ ಕೊಡಿಸುವವನೂ ಒಬ್ಬನೇ ಆಗಬಾರದು.

ಬಾಡಿಗೆದಾರ:
ಬ್ಯಾಟರಿಗೂ ಸಬ್ಸಿಡಿ ಕೊಡಬೇಕು ಅನ್ನುವ ಗುಂಪು ಇದೆಯಲ್ಲ, ಅದಕ್ಕೇನಂತೀರಿ? ಇರುವವರಿಗೇ ಇನ್ನೊಂದು ಸುತ್ತು ಬಡಿಸಿದ ಹಾಗಲ್ಲವಾ?

ಮೂರು_ಫೇಸ್:
ಬ್ಯಾಟರಿ ಯಾವ ಗಂಟೆಗೆ ತುಂಬುತ್ತದೆ, ಯಾವಾಗ ಖಾಲಿಯಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಯಾವ ಸೂಚನೆಯೂ ಇಲ್ಲದ ಬ್ಯಾಟರಿ ಬೆಳಗ್ಗೆ ಬಿಸಿಲು ಬಂದ ಕೂಡಲೇ ತುಂಬಲು ಶುರುಮಾಡಿ ಹನ್ನೊಂದಕ್ಕೆಲ್ಲ ಭರ್ತಿ. ಹನ್ನೆರಡೂವರೆಗೆ ಲೈನಿಗೆ ಬೀಳುವ ಹೊರೆ ಬ್ಯಾಟರಿ ಇಲ್ಲದ ಮನೆಯಷ್ಟೇ. ಮನೆಯವರ ಬಿಲ್ಲಿಗೆ ಲಾಭ, ನನ್ನ ಟ್ರಾನ್ಸ್‌ಫಾರ್ಮರ್‌ಗೆ ಸೊನ್ನೆ. ಅದೇ ಬ್ಯಾಟರಿ ಹನ್ನೊಂದರಿಂದ ಮೂರರವರೆಗೆ ನಿಧಾನಕ್ಕೆ ತುಂಬಿ ಸಂಜೆ ಆರರಿಂದ ಒಂಬತ್ತಕ್ಕೆ ಬಿಟ್ಟರೆ ಹೊಸ ಫೀಡರ್ ಹಾಕುವುದನ್ನೇ ಮುಂದೂಡಬಹುದು. ಸಂಜೆ ಬಿಸಿಲು ಇಳಿದಂತೆ ಗ್ರಿಡ್ ಮೇಲಿನ ಬೇಡಿಕೆಯ ಏರು ಎಷ್ಟು ಕಡಿದು ಅಂತ ಕ್ಯಾಲಿಫೋರ್ನಿಯಾದ ಗ್ರಿಡ್ ನಿರ್ವಾಹಕರು 2013ರಲ್ಲೇ ಗ್ರಾಫ್ ಬರೆದು ತೋರಿಸಿದ್ದರು, ಆಕಾರ ಬಾತುಕೋಳಿಯಂತೆ ಇದ್ದದ್ದರಿಂದ ಆ ಹೆಸರೇ ನಿಂತಿದೆ.

ಆಸ್ಟ್ರೇಲಿಯಾ 2025ರ ಜುಲೈಯಿಂದ ಮನೆ ಬ್ಯಾಟರಿಗೆ ಸುಮಾರು ಶೇ. 30 ರಿಯಾಯಿತಿ ಕೊಡುತ್ತಿದೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕೆಲವು ಮಧ್ಯಾಹ್ನ ಛಾವಣಿಗಳೇ ಇಡೀ ರಾಜ್ಯದ ಬೇಡಿಕೆ ತುಂಬಿಸಿವೆ. ಅಂಥ ಕಡೆ ಬ್ಯಾಟರಿಗೆ ದುಡ್ಡು ಹಾಕುವುದರಲ್ಲಿ ಅರ್ಥ ಇದೆ. ನೂರರಲ್ಲಿ ಎರಡು ಛಾವಣಿಗೆ ಸೋಲಾರ್ ಇರುವ ಕಡೆ ಹಗಲಿನ ಯೂನಿಟ್ ಪಕ್ಕದ ಮನೆಯಲ್ಲೇ ಖರ್ಚಾಗುತ್ತದೆ, ಅಲ್ಲಿ ಬ್ಯಾಟರಿ ಸಬ್ಸಿಡಿ ಅಂದರೆ ದುಂದು.

ಕೂಡು_ಕಳೆ:
ನೀತಿಯ ಸ್ಥಿರತೆಯ ಬಗ್ಗೆ ಸ್ವಲ್ಪ. ಸ್ಪೇನ್ ಧಾರಾಳ ದರ ಕೊಟ್ಟು ಮಿತಿ ಹಾಕಲಿಲ್ಲ, 2008ರ ಒಂದೇ ವರ್ಷದಲ್ಲಿ 2,500 ಮೆಗಾವ್ಯಾಟ್‌ಗೂ ಹೆಚ್ಚು ಬಂತು (ಹೆಚ್ಚಿನದು ಬಯಲಿನದು, ಛಾವಣಿಯದಲ್ಲ). ಆಮೇಲೆ ಹಳೆಯ ಘಟಕಗಳ ದರವನ್ನೂ ಕತ್ತರಿಸಿತು. 2015ರಲ್ಲಿ ಸ್ವಂತ ಬಳಕೆಯ ಮೇಲೂ ಶುಲ್ಕ ಹಾಕಿ, 2018ರಲ್ಲಿ ತೆಗೆಯಿತು. ಬ್ರಿಟನ್ 2011ರಲ್ಲಿ ಆರೇ ವಾರದ ಮುನ್ಸೂಚನೆ ಕೊಟ್ಟು ದರವನ್ನು ಅರ್ಧಕ್ಕೆ ಇಳಿಸಲು ಹೋಗಿ ಕೋರ್ಟಿನಲ್ಲಿ ಸೋತಿತು. ಅಮೆರಿಕದ ನೆವಾಡಾ ರಾಜ್ಯ 2015ರ ಕೊನೆಗೆ ಹಳೆಯ ಸೋಲಾರ್ ಗ್ರಾಹಕರಿಗೂ ನೆಟ್ ಮೀಟರಿಂಗ್‌ನ ಹೊಸ ನಿಯಮ ಹಾಕಿತು, ದೊಡ್ಡ ಸೋಲಾರ್ ಕಂಪನಿಗಳು ರಾಜ್ಯ ಬಿಟ್ಟವು, 2017ರಲ್ಲಿ ಹೊಸ ಕಾನೂನು ಬರೆಯಬೇಕಾಯಿತು. ಅಮೆರಿಕದ ಆ ತೆರಿಗೆ ವಿನಾಯಿತಿಯನ್ನೂ 2022ರ ಕಾನೂನು 2034ರವರೆಗೆ ಅಂದಿತ್ತು, 2025ರ ಕಾನೂನು ಅದೇ ವರ್ಷದ ಡಿಸೆಂಬರ್ 31ಕ್ಕೆ ಮುಗಿಸಿತು.

ಸರಿಯಾಗಿ ಮಾಡಿದ್ದು ಕ್ಯಾಲಿಫೋರ್ನಿಯಾದ 2007ರ ಯೋಜನೆ. ಹತ್ತು ಮೆಟ್ಟಿಲು. ಇಷ್ಟು ಮೆಗಾವ್ಯಾಟ್ ಬಂದ ಕೂಡಲೇ ಸಬ್ಸಿಡಿ ಇಷ್ಟಕ್ಕೆ ಇಳಿಯುತ್ತದೆ ಅಂತ ಮೊದಲ ದಿನವೇ ಪಟ್ಟಿ. ವ್ಯಾಟಿಗೆ 2.50 ಡಾಲರ್‌ನಿಂದ ಶುರುವಾಗಿ 0.20ರವರೆಗೆ. ದಿನಾಂಕಕ್ಕೆ ಕಟ್ಟಿದ ಗಡುವಲ್ಲ, ಆದ ಕೆಲಸಕ್ಕೆ ಕಟ್ಟಿದ್ದು. ಬೆಲೆ ಬೇಗ ಇಳಿದರೆ ಜನ ಬೇಗ ಬರುತ್ತಾರೆ, ಸಬ್ಸಿಡಿಯೂ ಬೇಗ ಇಳಿಯುತ್ತದೆ.

ಗಾತ್ರಕ್ಕೂ ಮೆಟ್ಟಿಲು ಬೇಕು. ಭಾರತದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ಹೆಚ್ಚು, ಮೂರನೆಯದಕ್ಕೆ ಕಡಿಮೆ, ಅದರಾಚೆಗೆ ಸೊನ್ನೆ. 10 ಕಿಲೋವ್ಯಾಟ್ ಹಾಕಿಸುವ ಶಕ್ತಿ ಇರುವವರು ಸಬ್ಸಿಡಿ ಇಲ್ಲದಿದ್ದರೂ ಹಾಕಿಸುತ್ತಾರೆ.

ಚಕ್ರಬಡ್ಡಿ:
ಸಬ್ಸಿಡಿ ಇಲ್ಲದಿದ್ದರೂ ಹಾಕಿಸುತ್ತಾರೆ ಅನ್ನುವುದಕ್ಕೆ ಪಾಕಿಸ್ತಾನ ನೋಡಿ. 2024ರಲ್ಲಿ ಆಮದಾದ ಪ್ಯಾನೆಲ್ ಸುಮಾರು 17 ಗಿಗಾವ್ಯಾಟ್. ಗ್ರಿಡ್ ಕರೆಂಟಿನ ದರ ಏರಿತು, ಪ್ಯಾನೆಲ್ ಅಗ್ಗವಾಯಿತು, ಜನ ತಾವೇ ಕೊಂಡರು. ನೆಟ್ ಮೀಟರಿಂಗ್ ಇತ್ತು ನಿಜ, ಆದರೆ ನೂಕಿದ್ದು ಬಿಲ್ಲು. ಈಗ ಅಲ್ಲಿನ ತಲೆನೋವು ತಿರುಗುಮುರುಗು: ಅನುಕೂಲ ಇದ್ದವರು ಗ್ರಿಡ್‌ನಿಂದ ಯೂನಿಟ್ ಕೊಳ್ಳುವುದು ಕಡಿಮೆಯಾಯಿತು, ವಿದ್ಯುತ್ ಸ್ಥಾವರಗಳಿಗೆ ಕೊಡಬೇಕಾದ ನಿಗದಿತ ಶುಲ್ಕ ಹಾಗೇ ಇದೆ, ಅದನ್ನು ಉಳಿದವರ ಮೇಲೆ ಹಂಚಬೇಕು. ಹಂಚಿದಷ್ಟೂ ಇನ್ನಷ್ಟು ಜನ ಹೊರಡುತ್ತಾರೆ.

ಬಾಡಿಗೆದಾರ:
ಉಳಿದವರು ಅಂದರೆ ನಾವೇ. ಛಾವಣಿ ಇಲ್ಲದವರಿಗೆ ಕೆಲಸಕ್ಕೆ ಬರುವ ರೂಪ ಯಾವುದೂ ಇಲ್ಲವಾ?

ಸ್ಪ್ಯಾನರ್_13:
ಬಾಲ್ಕನಿ ಕಿಟ್ ಇದೆ. ಎರಡು ಪ್ಯಾನೆಲ್, ಒಂದು ಮೈಕ್ರೋ ಇನ್ವರ್ಟರ್, ಒಂದು ಪ್ಲಗ್. ಜರ್ಮನಿ 2024ರಲ್ಲಿ ಇದರ ಇನ್ವರ್ಟರ್ ಮಿತಿಯನ್ನು 800 ವ್ಯಾಟ್‌ಗೆ ಏರಿಸಿ ನೋಂದಣಿ ಸರಳ ಮಾಡಿತು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಆದರೆ ಕಾನೂನು ಇಲ್ಲದ ಕಡೆ ಸುಮ್ಮನೆ ಪ್ಲಗ್‌ಗೆ ಚುಚ್ಚಬೇಡಿ. 16 ಆಂಪಿಯರ್ ಬ್ರೇಕರ್ ಇರುವ ಲೈನಿಗೆ ಕಿಟ್‌ನಿಂದ ಮೂರೂವರೆ ಆಂಪಿಯರ್ ಬಂದರೆ ತಂತಿಯಲ್ಲಿ 19.5ರವರೆಗೆ ಹರಿಯಬಹುದು, ಬ್ರೇಕರ್‌ಗೆ ಅದು ಗೊತ್ತೇ ಆಗಲ್ಲ. ಹಳೆ ಕಟ್ಟಡದ 1.5 ಚದರ ಮಿ.ಮೀ. ತಂತಿ, ಸಡಿಲ ಸಾಕೆಟ್ ಆದರೆ ಅಲ್ಲೇ ಕರಗಲು ಶುರು. ಮಲ್ಟಿಪ್ಲಗ್‌ಗಂತೂ ಬೇಡವೇ ಬೇಡ.

ಮೂರು_ಫೇಸ್:
ಇನ್ನೊಂದು ದಾರಿ, ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗೆ ಯಾವುದಾದರೂ ದೊಡ್ಡ ಛಾವಣಿಯಲ್ಲಿ ಪಾಲು ಕೊಂಡು ನಿಮ್ಮ ಮೀಟರಿನ ಬಿಲ್ಲಿನಲ್ಲಿ ಕಳೆಯುವುದು. ನೆಟ್ ಮೀಟರಿಂಗ್‌ನಂತೆ ತಂತಿ ಪುಕ್ಕಟೆ ಅಂತ ಬರೆದರೆ ನೀವು ಮೇಲೆ ಹೇಳಿದ ಅನ್ಯಾಯವೇ ಮತ್ತೆ ಆಗುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಈಚೆಗಿನ ತಂತಿಗೆ ಮಾತ್ರ ಬಾಡಿಗೆ, ಆಚೆಗಿನದಕ್ಕೆ ಇಲ್ಲ, ಅಷ್ಟು ಮಾಡಿದರೆ ಲೆಕ್ಕ ಕೂಡುತ್ತದೆ. ಇದಕ್ಕೆ ಹದಿನೈದು ನಿಮಿಷದ ರೀಡಿಂಗ್ ಕೊಡುವ ಮೀಟರ್ ಎರಡೂ ಕಡೆ ಬೇಕು. ತಿಂಗಳಿಗೊಮ್ಮೆ ಓದುವ ಮೀಟರಿನಲ್ಲಿ ನೀವು ರಾತ್ರಿ ಬಳಸಿದ್ದೋ ಹಗಲು ಬಳಸಿದ್ದೋ ಯಾರಿಗೂ ತಿಳಿಯಲ್ಲ.